ಕೇಳಿ ಲೆಕ್ಕ ಮಾಡುವ ಕ್ಯಾಲ್ಕುಲೇಟರ್

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಒತ್ತಣ್ಣ ಎಂದೇ ಕರೆಯುತ್ತಿದ್ದರು. ಹೆಸರಿಗೆ ತಕ್ಕ ಕೆಲಸ. ಅಂಗೈಯಲ್ಲಿ ಹಿಡಿಯುವ ಕ್ಯಾಲ್ಕುಲೇಟರುಗಳನ್ನು ತಯಾರಿಸುವ ಆ ಕಾರ್ಖಾನೆಯಲ್ಲಿ, ಜೋಡಣೆ ಮುಗಿಸಿ ಬಂದ ಯಂತ್ರಗಳ ಬಟನ್ನುಗಳನ್ನು ಒತ್ತಿ ನೋಡುವುದು ಅವನ ಕಸುಬು. ಯಾವ ಬಟನ್ನಿನ ನಂತರ ಯಾವ ಬಟನ್ ಒತ್ತಬೇಕು, ಒತ್ತಿದರೆ ಪರದೆಯ ಮೇಲೆ ಏನು ಮೂಡಬೇಕು ಎಂದು ಅಚ್ಚು ಹಾಕಿದ ಹಾಳೆಯೊಂದು ಅವನ ಮೇಜಿನೆದುರಿನ ಗೋಡೆಯ ಮೇಲಿತ್ತು. ಹಾಳೆಯಲ್ಲಿದ್ದದ್ದೇ ಮೂಡಿದರೆ ಯಂತ್ರ ಪಾಸು, ಇಲ್ಲದಿದ್ದರೆ ಕೆಂಪು ಬುಟ್ಟಿಗೆ. ಆ ಅಂಕಿಯೇ ಯಾಕೆ ಮೂಡಬೇಕು ಎಂದು ಅವನನ್ನು ಯಾರೂ ಕೇಳುತ್ತಿರಲಿಲ್ಲ, ಅವನೂ ಆ ಬಗ್ಗೆ ತಲೆ ಕೆಡಿಸಿಕೊಂಡವನಲ್ಲ. ಅದೇ ಬಟನ್ನುಗಳನ್ನು ಹತ್ತು ಸಲ ಒತ್ತಿದಾಗ ಹತ್ತು ಸಲವೂ ಅದೇ ಉತ್ತರ ಬಂದರೆ ಯಂತ್ರ ಸಾಚಾ. ಇಷ್ಟು ವರ್ಷ ಆ ನಂಬಿಕೆ ಅವನಿಗೆ ಕೈಕೊಟ್ಟಿರಲಿಲ್ಲ. ಬಲಗೈ ತೋರುಬೆರಳಿನ ತುದಿ ಒತ್ತಿ ಒತ್ತಿ ಚಪ್ಪಟೆಯಾಗಿತ್ತು. ಅದನ್ನು ಅವನು ಹೊಸಬರಿಗೆಲ್ಲ ಪದಕದ ಹಾಗೆ ತೋರಿಸುತ್ತಿದ್ದ.

ಹೆಂಡತಿಯ ಕೆಲಸ ಬಣ್ಣದ ಮನೆಯಲ್ಲಿ. ಬಿಳಿ ಬಟ್ಟೆಯ ಹೊರೆಗಳು ಅಲ್ಲಿಗೆ ಬರುತ್ತಿದ್ದವು, ಬಿಸಿನೀರಿನ ದೊಡ್ಡ ತೊಟ್ಟಿಗಳಲ್ಲಿ ಮುಳುಗಿ ನೀಲಿಯೋ ಹಸಿರೋ ಆಗಿ ಹೊರಗೆ ಹೋಗುತ್ತಿದ್ದವು. ತೊಟ್ಟಿಗಳ ಉಸ್ತುವಾರಿ ಅವಳದು. ಬಣ್ಣ ಎಷ್ಟು ಬೇಕೆಂಬುದನ್ನು ನೀರಿನ ಮುಖ ನೋಡಿಯೇ ಹೇಳಬಲ್ಲವಳು. ಆದರೆ ಬಣ್ಣವನ್ನು ಬಟ್ಟೆಯಲ್ಲಿ ನಿಲ್ಲಿಸುವುದಕ್ಕೆ ಇನ್ನೊಂದು ಪುಡಿ ಹಾಕಬೇಕು. ಆ ಪುಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಡಿಮೆ ಬಿದ್ದರೆ ತೊಟ್ಟಿಯಲ್ಲಿ ಗೊತ್ತಾಗುವುದಿಲ್ಲ. ವಾರಗಳಾದ ಮೇಲೆ ಯಾರದೋ ಮನೆಯ ಬಚ್ಚಲಲ್ಲಿ ಗೊತ್ತಾಗುತ್ತದೆ. ಅದಕ್ಕೇ ಪುಡಿಯನ್ನು ಮಾತ್ರ ಅವಳು ಕಣ್ಣಳತೆಗೆ ಬಿಡುತ್ತಿರಲಿಲ್ಲ. ಬಟ್ಟೆ ತೂಗಿ, ಕ್ಯಾಲ್ಕುಲೇಟರಿನಲ್ಲಿ ಲೆಕ್ಕ ಹಾಕಿ, ಆಮೇಲೆ ಡಬ್ಬಿಗೆ ಅಳೆದುಕೊಂಡು ಸುರಿಯುತ್ತಿದ್ದಳು.

ಹೀಗೆ ಒಬ್ಬ ಒತ್ತುವವನು, ಒಬ್ಬಳು ಒತ್ತಿ ಬದುಕುವವಳು. ಸಂಜೆ ಕಾಫಿ ಲೋಟ ಹಿಡಿದು ಅಡುಗೆಮನೆಯ ಮೇಜಿಗೆ ಕೂತರೆ ಇಬ್ಬರಿಗೂ ಒಂದು ಆಟವಿತ್ತು. ಮುಂದೆ ಬರುವ ಕ್ಯಾಲ್ಕುಲೇಟರ್ ಹೇಗಿರಬೇಕು? ಅವನಿಗೆ ಅದು ಬಿಸ್ಕತ್ತಿನಷ್ಟು ತೆಳ್ಳಗಿರಬೇಕು, ಬ್ಯಾಟರಿ ಕೇಳಬಾರದು, ಬಟನ್ನುಗಳು ಬೆರಳಿಗೆ ಹಿತವಾಗಿ 'ಟಕ್' ಎನ್ನಬೇಕು. ಅವಳ ಬೇಡಿಕೆಗಳೇ ಬೇರೆ. ಒದ್ದೆ ಕೈಯಲ್ಲಿ ಜಾರಬಾರದು. ತೊಟ್ಟಿಗೆ ಬಿದ್ದರೆ ಮುಳುಗದೆ ತೇಲಬೇಕು. ಆವಿಯಲ್ಲೂ ಅಂಕಿ ಕಾಣಬೇಕು. ಕೊನೆಯಲ್ಲಿ ಒಂದಂಕಿ ತಪ್ಪಿದರೆ ಅದೊಂದನ್ನೇ ಅಳಿಸಬೇಕೇ ಹೊರತು ಸಿಟ್ಟು ಬಂದವರ ಹಾಗೆ ಇಡೀ ಲೆಕ್ಕವನ್ನೇ ನುಂಗಿಹಾಕಬಾರದು. ಅಕ್ಕಪಕ್ಕದವರ ಹಾಗೆ ಕಿವಿಯಲ್ಲಿ ಉತ್ತರ ಪಿಸುಗುಟ್ಟಿದರೆ ಇನ್ನೂ ಒಳ್ಳೆಯದು. ಗಂಡ ಬೇಗ ಬರುತ್ತೇನೆಂದು ಹೇಳಿ ಹೋದ ದಿನ ಎಷ್ಟು ತಡವಾಗಿ ಬರುತ್ತಾನೆ ಎಂದೂ ಅದು ಹೇಳಬೇಕು ಎಂದು ಅವಳು ಸೇರಿಸುತ್ತಿದ್ದಳು. ಅದಕ್ಕೆ ಯಂತ್ರ ಯಾಕೆ, ಎಲ್ಲ ಬಲ್ಲ ನಿನ್ನ ಅಕ್ಕನಿಗೆ ಫೋನ್ ಮಾಡಿದರೆ ಸಾಕಲ್ಲ ಎಂದು ಅವನು ಕಾಲೆಳೆಯುತ್ತಿದ್ದ. ಮಕ್ಕಳಿಲ್ಲದ ಮನೆ, ಕೆಳಗೆ ಸೈಕಲ್ ರಿಪೇರಿಯ ಅಂಗಡಿ, ಮೇಲೆ ಇವರಿಬ್ಬರ ನಗು. ಸುಖವಾಗಿದ್ದರು, ಅದನ್ನು ಹೇಳಿಬಿಡಬೇಕು. ಮುಂದಿನ ಕತೆಗೆ ಅದೇ ದುಃಖ.

ಒಂದು ದಿನ ಅವಳ ಹಳೆಯ ಕ್ಯಾಲ್ಕುಲೇಟರ್ ಕೈಜಾರಿ ಹಸಿರು ತೊಟ್ಟಿಗೆ ಬಿತ್ತು. ತೇಲಲಿಲ್ಲ. ಎತ್ತಿ ಒಣಗಿಸಿದರೂ ಪರದೆಯ ಮೇಲೆ ಬರೀ ಎಂಟುಗಳೇ ಬರುತ್ತಿದ್ದವು. ಅವಳು ಅದನ್ನು ಮನೆಗೆ ತಂದು ಸತ್ತವರನ್ನು ಮಲಗಿಸಿದ ಹಾಗೆ ಮೇಜಿನ ಮೇಲೆ ಇಟ್ಟಾಗ ಅವನಿಗೆ ನಗು ತಡೆಯಲಾಗಲಿಲ್ಲ. ನಾಳೆಯೇ ಇದಕ್ಕಿಂತ ಒಳ್ಳೆಯದನ್ನು ತಂದುಕೊಡುತ್ತೇನೆ ಎಂದು ಜಂಬ ಕೊಚ್ಚಿದ.

ಕಾರ್ಖಾನೆಯಲ್ಲಿ ಆಗ ಹೊಸ ಮಾದರಿಯೊಂದು ತಯಾರಾಗುತ್ತಿತ್ತು. ಇನ್ನೂ ಪೇಟೆಗೆ ಬಿಟ್ಟಿರಲಿಲ್ಲ. ಕೆಲಸಗಾರರು ಅದಕ್ಕೆ 'ಜಾಣ' ಎಂದು ಹೆಸರಿಟ್ಟಿದ್ದರು. ಯಂತ್ರದ ರೂಪ ಗುಣ ಎಲ್ಲ ಯೋಚಿಸುವ ವಿನ್ಯಾಸದ ಮೇಡಂ ಅದನ್ನು ಹೆತ್ತ ಮಗುವಿನ ಹಾಗೆ ಎತ್ತಿಕೊಂಡು ಓಡಾಡುತ್ತಿದ್ದರು. ಪೇಟೆಗೆ ಬರುವ ಮುಂಚೆ ಒಂದೇ ಒಂದು ಜಾಣನೂ ಗೇಟು ದಾಟಬಾರದು, ದಾಟಿಸಿದವರ ಕೆಲಸ ಹೋಯಿತೆಂದೇ ಲೆಕ್ಕ ಎಂದು ಕಟ್ಟಪ್ಪಣೆಯಾಗಿತ್ತು. ಒತ್ತಣ್ಣ ಊಟದ ಡಬ್ಬಿಯ ಕೆಳಗಿನ ಅಂತಸ್ತಿನಲ್ಲಿ ಒಂದು ಜಾಣನನ್ನು ಮಲಗಿಸಿ, ಕಾವಲಿನವನಿಗೆ ನಮಸ್ಕಾರ ಹೊಡೆದು ಹೊರಗೆ ಬಂದ. ಹೆಂಡತಿ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, ಇಷ್ಟು ಹಗುರವಾದದ್ದನ್ನು ತಾನು ಹಿಡಿದೇ ಇರಲಿಲ್ಲ ಎಂದಾಗ ಅವನು ಒಂದು ಅಡಿ ಎತ್ತರವಾದ.

ಬಣ್ಣದ ಮನೆಯಲ್ಲಿ ಸಾಮಾನ್ಯವಾಗಿ ಒಂದು ತೊಟ್ಟಿಗೆ ಒಂದೇ ಹೊರೆ. ಹಾಗಿದ್ದಾಗ ಲೆಕ್ಕ ಸುಲಭ, ತೂಕವನ್ನು ಗುಣಿಸಿದರೆ ಮುಗಿಯಿತು. ಕೆಲವೊಮ್ಮೆ ಮಾತ್ರ ಹಿಂದಿನ ಸಲ ಉಳಿದ ಚಿಕ್ಕ ಹೊರೆಯನ್ನೂ ಜೊತೆಗೆ ಹಾಕುತ್ತಿದ್ದರು. ಮೊದಲು ಚಿಕ್ಕದನ್ನು ತೂಗುವುದು, ಆಮೇಲೆ ದೊಡ್ಡದನ್ನು. ಅವಳು ತಕ್ಕಡಿ ನೋಡುತ್ತಲೇ ಎಂಟು ಕಿಲೋ, ಕೂಡಿಸು, ಇಪ್ಪತ್ತೆರಡು ಕಿಲೋ, ಗುಣಿಸು, ಕಿಲೋಗೆ ಮೂವತ್ತು ಗ್ರಾಂ ಎಂದು ಒಂದೇ ಉಸಿರಿನಲ್ಲಿ ಒತ್ತಿಕೊಂಡು ಹೋಗುತ್ತಿದ್ದಳು. ಹಳೆಯ ಯಂತ್ರ ಒತ್ತಿದ ಸಾಲಿನಲ್ಲೇ ನಡೆಯುತ್ತಿತ್ತು. ಎಂಟೂ ಇಪ್ಪತ್ತೆರಡೂ ಕೂಡಿಸಿ ಮೂವತ್ತು, ಅದನ್ನು ಮೂವತ್ತರಿಂದ ಗುಣಿಸಿ ಒಂಬೈನೂರು. ವರ್ಷಗಟ್ಟಲೆ ಹೀಗೇ ನಡೆದಿತ್ತು.

ಜಾಣ ಕೈಗೆ ಬಂದ ಮೇಲೆ ಎರಡು ಹೊರೆ ಕೂಡಿದ ಮೊದಲ ದಿನವೇ ಅವಳಿಗೆ ಏನೋ ಅನ್ನಿಸಿತು. ಸಂಜೆ ಚೀಲ ಇಳಿಸುವ ಮೊದಲೇ ಅವನಿಗೆ ಹೇಳಿದಳು.

"ಪುಡಿ ಯಾಕೋ ಕಮ್ಮಿ ಬಂತು ಕಣ್ರೀ. ಇಷ್ಟು ಬಟ್ಟೆಗೆ ಡಬ್ಬಿ ಕುತ್ತಿಗೆವರೆಗೂ ಬರಬೇಕಿತ್ತು."

ಅವನು ತಟ್ಟೆ ಪಕ್ಕಕ್ಕೆ ಸರಿಸಿ, ಯಾವ ಯಾವ ಬಟನ್ ಒತ್ತಿದೆ, ಕ್ರಮವಾಗಿ ಹೇಳು ಎಂದ. ಎಂಟು, ಕೂಡಿಸು, ಇಪ್ಪತ್ತೆರಡು, ಗುಣಿಸು, ಮೂವತ್ತು ಎಂದು ಅವಳು ಹೇಳಿದಳು. ಅವನು ಆ ಚಪ್ಪಟೆ ಬೆರಳಿನಲ್ಲಿ ಅದೇ ಕ್ರಮದಲ್ಲಿ ಒತ್ತಿದ. ಅವಳಿಗೆ ಬಂದ ಅಂಕಿಯೇ ಬಂತು, ಆರುನೂರ ಅರವತ್ತೆಂಟು. ಅಳಿಸಿ ಮತ್ತೆ ಒತ್ತಿದ. ಅದೇ. ಇನ್ನೊಮ್ಮೆ ಒತ್ತಿದ. ಕಾರ್ಖಾನೆಯಲ್ಲಿ ಇಷ್ಟಾದರೆ ಯಂತ್ರ ಪಾಸು. ಮನೆಯಲ್ಲೂ ಪಾಸು ಮಾಡಿಬಿಟ್ಟ. ಒಂದು ಚೂರು ಕಾಗದ ತೆಗೆದುಕೊಂಡು ಕೈಯಲ್ಲಿ ಕೂಡಿಸಿ ಗುಣಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕ್ಯಾಲ್ಕುಲೇಟರ್ ಕಾರ್ಖಾನೆಯವನು ಕಾಗದದಲ್ಲಿ ಲೆಕ್ಕ ಹಾಕುತ್ತಾನೆಯೇ?

"ಮೂರು ಸಲಾನೂ ಅದೇ ಬಂತು, ನೋಡು. ಯಂತ್ರ ಸರಿಯಾಗೇ ಇದೆ. ಇನ್ನು ಮೇಲೆ ಕಣ್ಣಳತೆ ಬಿಟ್ಟುಬಿಡು ಮಾರಾಯ್ತಿ, ವಯಸ್ಸಾಯ್ತು ನಿಂಗೆ" ಎಂದು ನಕ್ಕ.

ಅವಳೂ ನಕ್ಕಳು. ಗಂಡ ಇಂಥದ್ದರಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಅವನಿಗಿಂತ ತನಗೆ ಹೆಚ್ಚು ಗೊತ್ತೇ? ಮತ್ತೆ ಎರಡು ಹೊರೆ ಕೂಡಿದಾಗ ಡಬ್ಬಿಯ ಕುತ್ತಿಗೆ ನೋಡಲಿಲ್ಲ, ಪರದೆಯನ್ನಷ್ಟೇ ನೋಡಿದಳು.

ದೂರು ಬರಲು ಸಮಯ ಹಿಡಿಯಿತು. ಬಂದಾಗ ಒಟ್ಟಿಗೇ ಬಂತು. ಶಾಲೆಯೊಂದಕ್ಕೆ ಕಳಿಸಿದ ನೀಲಿ ಬಟ್ಟೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟು, ಜೊತೆಯಲ್ಲಿ ನೆನೆದ ಅಂಗಿ, ಟವೆಲ್, ಅಜ್ಜಂದಿರ ಬನಿಯನ್ನುಗಳನ್ನೆಲ್ಲ ನೀಲಿ ಮಾಡಿತ್ತು. ತಾಯಂದಿರು ಗುಂಪು ಕಟ್ಟಿಕೊಂಡು ಶಾಲೆಗೆ ಹೋದರು, ಶಾಲೆಯವರು ಬಣ್ಣದ ಮನೆಗೆ ಬಂದರು. ಅವರ ಬೆನ್ನಿಗೇ ಆಸ್ಪತ್ರೆಯೊಂದರ ಹಸಿರು ಪರದೆಗಳು ವಾಪಸು ಬಂದವು. ಎಲ್ಲವೂ ಅವಳ ತೊಟ್ಟಿಯವೇ. ಆ ದಿನಗಳ ತೂಕವನ್ನು ಸೀಮೆಸುಣ್ಣದಲ್ಲಿ ತೊಟ್ಟಿಯ ಪಕ್ಕೆಯ ಮೇಲೆ ಬರೆದಿದ್ದರು, ಅದು ಯಾವತ್ತೋ ನೀರಿಗೆ ತೊಳೆದುಹೋಗಿತ್ತು. ಬಣ್ಣದ ಮನೆಯ ಯಜಮಾನರು ಕೆಟ್ಟವರಲ್ಲ. ಪುಡಿ ಹಾಕುವುದನ್ನು ಮರೆತೆಯಾ ತಾಯಿ ಎಂದು ಮೆಲ್ಲಗೆ ಕೇಳಿದರು. ಇಲ್ಲ ಎಂದು ಎದೆ ತಟ್ಟಿ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಹಾಕಿದ್ದು ನೆನಪಿತ್ತು, ಆದರೆ ಹಾಕಿದ್ದರೆ ಬಣ್ಣ ನಿಲ್ಲಬೇಕಿತ್ತಲ್ಲ. ಅವರು ಅವಳನ್ನು ತೊಟ್ಟಿಯಿಂದ ಬಿಡಿಸಿ, ಒಣಗಿದ ಬಟ್ಟೆ ಮಡಿಸುವ ಮೇಜಿಗೆ ಹಾಕಿದರು. ಸ್ವಲ್ಪ ವಿಶ್ರಾಂತಿ ಇರಲಿ ಎಂದರು. ಬೈದಿದ್ದರೆ ಅವಳು ತಿರುಗಿ ಬೀಳುತ್ತಿದ್ದಳೇನೋ. ಕರುಣೆಯ ಮುಂದೆ ಏನು ಮಾಡಲು ಬರುತ್ತದೆ?

ಅವಳ ಹೆದರಿಕೆ ಕೆಲಸದ್ದಲ್ಲ. ಅವಳ ತಾಯಿ ಇದೇ ವಯಸ್ಸಿನಲ್ಲಿ ಮರೆಯತೊಡಗಿದ್ದರು. ಮೊದಲು ಒಲೆಯ ಮೇಲಿಟ್ಟ ಹಾಲು, ಆಮೇಲೆ ಬೀದಿಯ ತಿರುವು, ಕೊನೆಗೆ ಹೆತ್ತ ಹೆಣ್ಣುಮಕ್ಕಳಿಬ್ಬರು. ಅಕ್ಕ ತಂಗಿ ಸರದಿಯ ಮೇಲೆ ನೋಡಿಕೊಂಡಿದ್ದರು. ಊಟ ಮಾಡಿಸಲು ಹೋದರೆ ಆ ತಾಯಿ, ನೀವು ಯಾರ ಮನೆಯವರಮ್ಮ ಎಂದು ಮರ್ಯಾದೆಯಿಂದ ಕೇಳುತ್ತಿದ್ದರು. ಅಂಥದೊಂದು ಮುಖ ಈಗ ತನಗೂ ಬರುತ್ತಿದೆಯೇನೋ ಎಂದು ಅವಳು ಕನ್ನಡಿ ನೋಡುವುದನ್ನೇ ಬಿಟ್ಟಳು. ಬಾಗಿಲು ಹಾಕಿ ಕೆಳಗಿಳಿದವಳು ಹಾಕಿದೆನೋ ಇಲ್ಲವೋ ಎಂದು ಮತ್ತೆ ಮೆಟ್ಟಿಲು ಹತ್ತುತ್ತಿದ್ದಳು. ಸಾರಿಗೆ ಉಪ್ಪು ಹಾಕಿ, ಹಾಕಿದ್ದೇನಾ ನೋಡಿ ಎಂದು ಅವನ ಬಾಯಿಗೆ ಸೌಟು ಹಿಡಿಯುತ್ತಿದ್ದಳು. ಸಂಜೆಯ ಆಟ ತಾನಾಗಿ ನಿಂತಿತು. ಜಾಣನನ್ನು ಅವಳೇ ಒರೆಸಿ, ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟಳು. ಇಷ್ಟು ಒಳ್ಳೆಯ ಯಂತ್ರ ತನ್ನಂಥವಳ ಕೈಯಲ್ಲಿ ಹಾಳಾಗಬಾರದು ಎಂದಳು. ಕೊನೆಗೆ ತಲೆಯ ಡಾಕ್ಟರಿಗೆ ತೋರಿಸೋಣ ಎಂದು ಅವಳೇ ಹೇಳಿ ದಿನ ಗೊತ್ತು ಮಾಡಿಸಿದಳು.

ಆ ದಿನಕ್ಕೆ ಇನ್ನೂ ಸ್ವಲ್ಪ ಸಮಯವಿದ್ದಾಗ, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಗುಮಾಸ್ತರೊಬ್ಬರು ಜಾಣನ ಮೇಲೆ ದೂರು ತೆಗೆದರು. ಹಳೆಯದರಲ್ಲಿ ಒತ್ತಿದ್ದನ್ನೇ ಇದರಲ್ಲಿ ಒತ್ತಿದರೆ ಬೇರೆ ಉತ್ತರ ಬರುತ್ತದೆ, ಇದೆಂಥ ಜಾಣ ಎಂದರು. ವಿನ್ಯಾಸದ ಮೇಡಂ ನಗುತ್ತ ಲೋಟ ಕೆಳಗಿಟ್ಟು ವಿವರಿಸಿದರು. ಹಳೆಯದು ಒತ್ತಿದ ಸಾಲಿನಲ್ಲೇ ಲೆಕ್ಕ ಮಾಡುತ್ತದೆ. ಇದು ಪಾಠದ ಪುಸ್ತಕದ ನಿಯಮ ಬಲ್ಲದು, ಮೊದಲು ಗುಣಿಸಿ ಆಮೇಲೆ ಕೂಡಿಸುತ್ತದೆ. ಎಲ್ಲಿ ಒತ್ತಿದರೂ ಕೂಡಿಸುವುದು ಕೊನೆಗೇ. ತಪ್ಪೇನಿಲ್ಲ, ಹಾಗೆಯೇ ಮಾಡಿದ್ದೇವೆ ಎಂದರು. ಗುಮಾಸ್ತರು ಮೂಗು ಮುರಿದರು.

ಪಕ್ಕದ ಮೇಜಿನಲ್ಲಿದ್ದ ಒತ್ತಣ್ಣನಿಗೆ ಹೆಂಡತಿ ಹೇಳಿದ ಕ್ರಮ ನೆನಪಾಯಿತು. ಕೈಯಲ್ಲಿದ್ದ ತಿಂಡಿ ಹಾಗೇ ಬಿಟ್ಟು ಉಗ್ರಾಣಕ್ಕೆ ಹೋದ. ಹಳೆಯ ಮಾದರಿಯದೊಂದನ್ನು ಹುಡುಕಿ ತೆಗೆದು ಎಂಟು, ಕೂಡಿಸು, ಇಪ್ಪತ್ತೆರಡು, ಗುಣಿಸು, ಮೂವತ್ತು ಎಂದು ಒತ್ತಿದ. ಒಂಬೈನೂರು. ಜಾಣ ದೊಡ್ಡ ಹೊರೆಗೆ ಮಾತ್ರ ಪುಡಿ ಲೆಕ್ಕ ಹಾಕಿ, ಚಿಕ್ಕ ಹೊರೆಯ ಎಂಟು ಕಿಲೋವನ್ನು ಎಂಟು ಗ್ರಾಂ ಪುಡಿಯೆಂಬಂತೆ ಅದಕ್ಕೆ ಸೇರಿಸಿತ್ತು. ಅವಳ ಡಬ್ಬಿ ಸರಿ ಹೇಳಿತ್ತು. ಅವಳ ಕಣ್ಣು ಸರಿ ಹೇಳಿತ್ತು. ತಪ್ಪೆಂದು ಹೇಳಿದವನು ಇವನೊಬ್ಬನೇ.

ಸಂಜೆ ಹೋದ ಕೂಡಲೇ ಹೇಳಿಬಿಡಬೇಕು ಎಂದುಕೊಂಡೇ ಮೆಟ್ಟಿಲು ಹತ್ತಿದ. ಹತ್ತುತ್ತ ಹತ್ತುತ್ತ ಬೇರೆ ಯೋಚನೆಗಳು ಬಂದವು. ಹೇಳಿದರೆ ಅವಳು ಯಜಮಾನರಿಗೆ ಹೇಳುತ್ತಾಳೆ, ಹೇಳಬೇಕಾದದ್ದೇ. ಅವರು ಈ ಯಂತ್ರ ಎಲ್ಲಿಂದ ಬಂತು ಎಂದು ಕಾರ್ಖಾನೆಯ ಬಾಗಿಲು ತಟ್ಟುತ್ತಾರೆ. ಇವನ ಕೆಲಸಕ್ಕೆ ಕಲ್ಲು ಬೀಳುತ್ತದೆ. ಪೇಟೆಗೆ ಜಾಣ ಬರಲಿ, ಆಮೇಲೆ ಅಂಗಡಿಯಿಂದ ತಂದದ್ದೆಂದು ಹೇಳಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಒಳಗೆ ಹೋದಾಗ ಅವಳು ಸೌಟು ಹಿಡಿದು ಬಂದಳು. ಉಪ್ಪು ಸರಿಯಾಗಿದೆ ಎಂದ.

ಡಾಕ್ಟರ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಪರದೆ, ಗೋಡೆಯಲ್ಲಿ ಟಿಕ್ ಟಿಕ್ ಎನ್ನುವ ಗಡಿಯಾರ. ಹೋಗುವ ದಾರಿಯಲ್ಲಿ ಬಸ್ಸಿನ ಕಿಟಕಿಯ ಪಕ್ಕ ಕೂತಾಗಲೂ ಹೇಳಬಹುದಿತ್ತು, ಹೊರಗೆ ಬೆಂಚಿನ ಮೇಲೆ ಕಾಯುವಾಗಲೂ ಹೇಳಬಹುದಿತ್ತು. ಎರಡು ಸಲವೂ ಬೇರೇನೋ ಮಾತು ತೆಗೆದ. ಡಾಕ್ಟರು ಅವಳಿಗೆ ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದರು. ತೊಟ್ಟಿಗಳ ನಡುವೆ ಒಂದೇ ಉಸಿರಿಗೆ ಲೆಕ್ಕ ಒತ್ತುತ್ತಿದ್ದವಳು ಎಂಬತ್ತಾರರ ಹತ್ತಿರ ನಿಂತುಬಿಟ್ಟಳು. ಇವನು ಪಕ್ಕದ ಕುರ್ಚಿಯಿಂದ ಅವಳ ಕೈ ಹಿಡಿದುಕೊಂಡ. ಡಾಕ್ಟರು ಗಾಬರಿಯಿಂದ ಹಾಗಾಗುತ್ತದೆ, ನನಗೇನೂ ಕಾಣುತ್ತಿಲ್ಲ, ಆದರೂ ದಿನಾ ಹಿಂದುಮುಂದಾಗಿ ಎಣಿಸುವ ಅಭ್ಯಾಸ ಇಟ್ಟುಕೊಳ್ಳಿ ಎಂದು ಕಳಿಸಿದರು.

ಡಾಕ್ಟರೇ ಏನೂ ಇಲ್ಲ ಎಂದಮೇಲೆ ತಾನು ಹೇಳುವುದೇನಿದೆ ಎಂದು ಅವನು ಹಗುರಾದ. ಅವಳು ಹಗುರಾಗಲಿಲ್ಲ. ಏನೂ ಇಲ್ಲದಿದ್ದರೆ ಅಭ್ಯಾಸ ಯಾಕೆ ಹೇಳಿದರು ಎಂಬುದು ಅವಳ ತರ್ಕ. ಪಾತ್ರೆ ತೊಳೆಯುವಾಗ, ದೀಪ ಆರಿಸುವ ಮುಂಚೆ, ಬಸ್ಸಿನಲ್ಲಿ, ಪಿಸುದನಿಯಲ್ಲಿ ಹಿಂದಿನಿಂದ ಎಣಿಸುವುದು ಅವನಿಗೆ ಕೇಳುತ್ತಿತ್ತು. ಒಂದೊಂದು ಅಂಕಿಗೂ ಅವನು ಮನಸ್ಸಿನಲ್ಲೇ ಕುಗ್ಗುತ್ತಿದ್ದ. ಕುಗ್ಗಿ ಏನು ಬಂತು? ಬಾಯಿ ಬಿಟ್ಟರೆ ತಾನೇ. ನಿನ್ನೆ ಹೇಳದ ಮಾತನ್ನು ಇವತ್ತು ಹೇಳಬೇಕಾದರೆ ನಿನ್ನೆ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕು. ದಿನ ಕಳೆದಂತೆ ಆ ಎರಡನೆಯ ಉತ್ತರವೇ ಮೊದಲನೆಯದಕ್ಕಿಂತ ದೊಡ್ಡದಾಯಿತು. ಅವನು ಹೆಂಡತಿಯನ್ನು ಪ್ರೀತಿಸುತ್ತಿರಲಿಲ್ಲವೇ? ಪ್ರೀತಿಸುತ್ತಿದ್ದ, ಹೇಡಿಯಾಗಿಯೇ ಪ್ರೀತಿಸುತ್ತಿದ್ದ. ಮನೆಗೆ ಬರುವಾಗ ಹಣ್ಣು ತರುತ್ತಿದ್ದ, ಕಾಲು ಒತ್ತಿಕೊಡುತ್ತಿದ್ದ, ಬಟ್ಟೆ ತಾನೇ ಒಗೆಯುತ್ತಿದ್ದ. ಗಂಡ ಎಷ್ಟು ಬದಲಾದರು ಎಂದು ಅವಳು ಅಕ್ಕನ ಹತ್ತಿರ ಫೋನಿನಲ್ಲಿ ಹೇಳುವುದನ್ನು ಕೇಳಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಿದ್ದ.

ಜಾಣ ಪೇಟೆಗೆ ಬಂದ. ಅಂಗಡಿಯಿಂದ ತಂದದ್ದೆಂದು ಹೇಳುವ ದಾರಿ ಈಗ ಹೆದ್ದಾರಿಯಷ್ಟು ಅಗಲವಾಗಿ ತೆರೆದಿತ್ತು. ಆದರೂ ಅವನು ಹೇಳಲಿಲ್ಲ.

ಆ ಹೊತ್ತಿಗೆ ವಿನ್ಯಾಸದ ಮೇಡಂ ಎಲ್ಲರನ್ನೂ ದೊಡ್ಡ ಕೋಣೆಗೆ ಕರೆಸಿದರು. ಮುಂದಿನ ಕಾಲದ ಕ್ಯಾಲ್ಕುಲೇಟರ್ ಹೇಗಿರಬೇಕು, ನಾಚಿಕೊಳ್ಳದೆ ಮನಸ್ಸಿಗೆ ಬಂದದ್ದನ್ನು ಹೇಳಿ ಎಂದರು. ಒಬ್ಬ ಮಡಚಿ ಜೇಬಿಗಿಡುವಂತಿರಲಿ ಎಂದ. ಇನ್ನೊಬ್ಬಳು ಬಾಯಲ್ಲಿ ಹೇಳಿದರೆ ಕೇಳಿಸಿಕೊಳ್ಳಲಿ ಎಂದಳು. ಅಂಕಿಗಳ ಬದಲು ಚಿತ್ರ ತೋರಿಸಲಿ, ಬಿಸಿಲಲ್ಲೂ ಕಾಣಲಿ, ಬಿದ್ದರೆ ಒಡೆಯದಿರಲಿ. ಸಾಹೇಬರು ಬರುವ ಸದ್ದಾದರೆ ತಾನೇ ಟಕಟಕ ಒತ್ತಿಕೊಳ್ಳಲಿ ಎಂದು ಗುಮಾಸ್ತರು ಹೇಳಿದಾಗ ಕೋಣೆಯೆಲ್ಲ ನಕ್ಕಿತು. ಒದ್ದೆ ಕೈಗೆ ಜಾರಬಾರದು, ನೀರಿಗೆ ಬಿದ್ದರೆ ತೇಲಬೇಕು ಎಂದು ಒತ್ತಣ್ಣ ಹೇಳುತ್ತಾನೆಂದು ಎಲ್ಲರೂ ಕಾದರು, ಯಾಕೆಂದರೆ ಹೆಂಡತಿಯ ಆ ಮಾತುಗಳನ್ನು ಅವನು ಎಷ್ಟೋ ಸಲ ಊಟದ ಮೇಜಿನಲ್ಲಿ ಹೇಳಿ ನಗಿಸಿದ್ದ. ಅವನು ಎದ್ದು ನಿಂತ. ಬಾಯಿಂದ ಬಂದದ್ದು ಬೇರೆಯೇ.

"ಒತ್ತಿದ್ದಕ್ಕೆ ಎರಡು ಅರ್ಥ ಬರೋ ಹಾಗಿದ್ರೆ, ಅದು ಸುಮ್ನೆ ಒಂದನ್ನ ಹಿಡ್ಕೊಂಡು ಉತ್ತರ ಹೇಳಬಾರದು. ನೀವು ಕೇಳಿದ್ದು ಇದಾ, ಅದಾ ಅಂತ ಒಂದು ಸಲ ಕೇಳ್ಬೇಕು. ಇಲ್ಲಾಂದ್ರೆ ಒತ್ತಿದವರು ತಪ್ಪು ತಮ್ಮದೇ ಅಂದ್ಕೊಂಡುಬಿಡ್ತಾರೆ."

ಮೇಡಂ ಕನ್ನಡಕ ತೆಗೆದು ಅವನನ್ನೇ ನೋಡಿದರು. ಇಷ್ಟು ವರ್ಷ ಯಂತ್ರವನ್ನು ಹೇಗೆ ಜಾಣನನ್ನಾಗಿ ಮಾಡುವುದೆಂದು ಯೋಚಿಸಿದೆವು, ಅದಕ್ಕೆ ವಿನಯ ಕಲಿಸಬೇಕೆಂದು ನಮಗೆ ಹೊಳೆಯಲೇ ಇಲ್ಲ ಎಂದರು. ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದರು. ಹೀಗೇ, ಎಂದ. ಚಪ್ಪಾಳೆ ಬಿತ್ತು. ಅವನಿಗೆ ಅದು ಕೆನ್ನೆಯ ಮೇಲೆ ಬಿದ್ದ ಹಾಗಿತ್ತು. ಕೆಲವೇ ದಿನಗಳಲ್ಲಿ ಅವನನ್ನು ಒತ್ತುವ ಮೇಜಿನಿಂದ ಎಬ್ಬಿಸಿ ಮೇಡಂ ಕೋಣೆಯ ಪಕ್ಕದಲ್ಲಿ ಕೂರಿಸಿದರು. ಮುಂದಿನ ಯಂತ್ರಗಳ ಬಗ್ಗೆ ಯೋಚಿಸುವುದೇ ಇನ್ನು ಅವನ ಕೆಲಸವೆಂದರು. ಮನೆಯಲ್ಲಿ ಬಡ್ತಿಯ ಸುದ್ದಿ ಕೇಳಿ ಅವಳು ಎಷ್ಟೋ ದಿನಗಳ ಮೇಲೆ ಮನಸಾರೆ ನಕ್ಕಳು. ನಿಮ್ಮ ತಲೆಯಾದರೂ ಗಟ್ಟಿಯಿದೆಯಲ್ಲ, ಅಷ್ಟು ಸಾಕು ಎಂದಳು.

ಕೇಳಿ ಲೆಕ್ಕ ಮಾಡುವ ಹೊಸ ಯಂತ್ರದ ಮೊದಲ ಕಂತು ತಯಾರಾದಾಗ ಮೇಡಂ ಒಂದನ್ನು ಪೆಟ್ಟಿಗೆಯಲ್ಲಿಟ್ಟು ಅವನ ಕೈಗೇ ಕೊಟ್ಟರು. ಮನೆಗೆ ತೆಗೆದುಕೊಂಡು ಹೋಗಿ, ಮನೆಯವರು ಬಳಸಲಿ ಎಂದರು. ಈ ಸಲ ಗೇಟಿನಲ್ಲಿ ಕಾವಲಿನವನೇ ಇವನಿಗೆ ನಮಸ್ಕಾರ ಹೊಡೆದ. ದಾರಿಯುದ್ದಕ್ಕೂ ಅವನು ಮಾತು ಜೋಡಿಸಿದ. ಮೊದಲು ಪೆಟ್ಟಿಗೆ ಕೊಡುವುದು, ಕೂರಿಸುವುದು, ಎಲ್ಲ ಹೇಳಿಬಿಡುವುದು. ಅಳಬಹುದು, ಬೈಯಬಹುದು, ಬಿಡುತ್ತಾಳೆ. ಮಾರನೆಯ ದಿನವೇ ಜೊತೆಗೆ ಯಜಮಾನರ ಹತ್ತಿರ ಹೋಗುವುದು. ಇಷ್ಟು ಸುಲಭದ್ದನ್ನು ಇಷ್ಟು ದಿನ ಹೊತ್ತು ತಿರುಗಿದೆನಲ್ಲ ಎಂದು ತನ್ನ ಮೇಲೆ ತನಗೇ ಅಸಹ್ಯವಾಯಿತು.

ಪೆಟ್ಟಿಗೆ ಮೇಜಿನ ಮೇಲಿಟ್ಟ. ಒಂದು ನಿಮಿಷ, ಮುಖ ತೊಳೆದು ಬರುತ್ತೇನೆ, ನಿನ್ನ ಹತ್ತಿರ ಮಾತಾಡಬೇಕು ಎಂದು ಬಚ್ಚಲಿಗೆ ಹೋದ.

ಬರುವಷ್ಟರಲ್ಲಿ ಅವಳು ಪೆಟ್ಟಿಗೆ ಬಿಚ್ಚಿದ್ದಳು. ಯಾವ ಯಂತ್ರ ಹಿಡಿದರೂ ಅವಳ ಬೆರಳು ತೊಟ್ಟಿಯ ಲೆಕ್ಕವನ್ನೇ ಒತ್ತುತ್ತಿತ್ತು. ಚಿಕ್ಕ ಹೊರೆ, ಕೂಡಿಸು, ದೊಡ್ಡ ಹೊರೆ, ಗುಣಿಸು, ಪುಡಿ. ಪರದೆಯ ಮೇಲೆ ಉತ್ತರ ಬಂದಿರಲಿಲ್ಲ. ಮೊದಲು ಕೂಡಿಸಲೋ, ಮೊದಲು ಗುಣಿಸಲೋ ಎಂಬ ಪ್ರಶ್ನೆ ಬಂದಿತ್ತು. ಒಂದರ ಕೆಳಗೆ ಒಂಬೈನೂರು, ಇನ್ನೊಂದರ ಕೆಳಗೆ ಆರುನೂರ ಅರವತ್ತೆಂಟು. ಅವಳು ಅದನ್ನು ಎಷ್ಟು ಹೊತ್ತು ನೋಡಿದಳೋ. ಆಮೇಲೆ ಎದ್ದು ಕಪಾಟಿನಿಂದ ಜಾಣನನ್ನು ತಂದು, ಸುತ್ತಿದ್ದ ಬಟ್ಟೆ ಬಿಚ್ಚಿ, ಅದೇ ಲೆಕ್ಕ ಒತ್ತಿದಳು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟಳು. ಟವೆಲ್ ಹಿಡಿದು ಬಾಗಿಲಲ್ಲಿ ನಿಂತವನ ಮುಖ ನೋಡಿದಳು. ಆ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

"ಡಬ್ಬಿ ಕುತ್ತಿಗೆವರೆಗೆ ಬರಬೇಕು ಅಂದಿದ್ದೆ ನಾನು" ಎಂದಳು.

ಹೂಂ ಎಂದ. ಅದೇ ಹೇಳಬೇಕೆಂದಿದ್ದೆ, ಇವತ್ತು ಅದನ್ನೇ ಹೇಳಲು ಬಂದೆ ಎಂದ. ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ಸರಿಯಾಗಿ ನಾಲಿಗೆಗೆ ಬರಲಿಲ್ಲ. ಅವಳು ಸಿಟ್ಟು ಮಾಡಲಿಲ್ಲ. ಏನೋ ಒಂದು ಅಂದಾಜು ಹಾಕುವವಳ ಹಾಗೆ ಕೇಳಿದಳು.

"ನಿಮಗೆ ಗೊತ್ತಾಗಿದ್ದು ಡಾಕ್ಟರ ಹತ್ರ ಹೋಗೋಕೆ ಮುಂಚೆನಾ, ಆಮೇಲಾ?"

ಆಮೇಲೆ ಎಂದು ಹೇಳಬಹುದಿತ್ತು. ಕೇಳಿ ಪರೀಕ್ಷಿಸುವವರು ಯಾರೂ ಇರಲಿಲ್ಲ. ಇಷ್ಟು ದಿನ ಸುಮ್ಮನಿದ್ದವನಿಗೆ ಈ ಒಂದು ಸುಳ್ಳು ಮಾತ್ರ ಯಾಕೋ ಬಾಯಿಗೆ ಬರಲಿಲ್ಲ.

"ಮುಂಚೆ."

ಅವಳು ತಲೆಯಾಡಿಸಿದಳು. ಎರಡು ಯಂತ್ರಗಳ ಪರದೆಗಳೂ ತಾವಾಗಿ ಆರಿದವು. ಕೆಳಗಿನ ಅಂಗಡಿಯಲ್ಲಿ ಯಾರೋ ಚಕ್ರ ತಿರುಗಿಸಿ ನೋಡುತ್ತಿದ್ದರು.

"ಡಾಕ್ಟರ ಹತ್ರ ಹೋಗಿ ಬಂದ ದಿನಾನೇ ಅಕ್ಕನಿಗೆ ಹೇಳಿದ್ದೆ" ಎಂದಳು. "ಅಮ್ಮನ ಹಾಗೆ ನಂಗೂ ಎಲ್ಲಾ ಮರೆತು ಹೋದ್ರೂ ಹೆದರಿಕೆ ಇಲ್ಲ ಕಣೇ, ನಡೆದದ್ದೇನೋ ಅದನ್ನ ಇವರು ನಂಗೆ ಸರಿಯಾಗಿ ನೆನಪು ಮಾಡ್ಕೊಡ್ತಾರೆ ಅಂತ."

ಮಾರನೆಯ ಬೆಳಿಗ್ಗೆ ಅವನು ಜೊತೆಗೆ ಬರುತ್ತೇನೆಂದು ಅಂಗಿ ಹಾಕಿಕೊಂಡು ನಿಂತ. ಬೇಡ, ಯಜಮಾನರಿಗೆ ನಾನೇ ಹೋಗಿ ಹೇಳುತ್ತೇನೆ ಎಂದು ಅವಳು ಚಪ್ಪಲಿ ಮೆಟ್ಟಿಕೊಂಡಳು. ಬಾಗಿಲು ಎಳೆದುಕೊಂಡು ಕೆಳಗಿಳಿದವಳು, ಹಾಕಿದೆನೋ ಇಲ್ಲವೋ ಎಂದು ನೋಡಲು ತಿರುಗಿ ಬರಲಿಲ್ಲ. ಅವನು ಅಂಗಿಯ ಗುಂಡಿ ಹಾಕಿಕೊಂಡವನು ಹಾಗೆಯೇ ಒಳಗೆ ನಿಂತಿದ್ದ.